ಲಾನ್ ಬೋಳಿಸಬೇಡಿ, ಬ್ಲೇಡ್ ಮಸೆಯಿರಿ

ಮಾನ್ಯರೇ,

ನನ್ನದು ದಾವಣಗೆರೆಯ ಹೊಂಡದ ಸರ್ಕಲ್ ಕಡೆ ಮೋಟಾರ್ ರಿವೈಂಡಿಂಗ್ ಅಂಗಡಿ. ಪಂಪು, ಮಿಕ್ಸಿ, ಗ್ರೈಂಡರ್ ಜತೆಗೆ ಈಗೀಗ ಹುಲ್ಲು ಕತ್ತರಿಸುವ ಮಷಿನ್‌ಗಳೂ ರಿಪೇರಿಗೆ ಬರುತ್ತಿವೆ. ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್, ನಿಜಲಿಂಗಪ್ಪ ಬಡಾವಣೆ ಕಡೆ ಮನೆ ಮುಂದೆ ಒಂದಿಷ್ಟು ಲಾನ್ ಬೆಳೆಸುವವರು ಜಾಸ್ತಿ ಆಗಿದ್ದಾರೆ. ಸಂತೋಷವೇ. ಆದರೆ ಮಷಿನ್ ತರುವವರಲ್ಲಿ ಮುಕ್ಕಾಲು ಪಾಲು ಜನ ಹೇಳುವುದು ಒಂದೇ: ‘ಬ್ಲೇಡ್ ಇನ್ನೂ ಕೆಳಗೆ ಇಳಿಸಿಕೊಡಿ ಅಣ್ಣಾ, ಒಮ್ಮೆ ಹೊಡೆದರೆ ತಿಂಗಳು ಆ ಕಡೆ ನೋಡಬಾರದು.’ ಈ ಮಾತಿಗೆ ನನ್ನ ತಕರಾರಿದೆ.

ಹುಲ್ಲು ತನ್ನ ಊಟ ಮಾಡಿಕೊಳ್ಳುವುದು ಎಲೆಯಲ್ಲಿ. ಎಲೆಯನ್ನೇ ನೆಲಮಟ್ಟಕ್ಕೆ ಬೋಳಿಸಿದರೆ ಬೇರು ಆಳಕ್ಕೆ ಇಳಿಯುವುದಿಲ್ಲ. ಏಪ್ರಿಲ್ ಬಿಸಿಲಿಗೆ ಮೇಲಿನ ಮಣ್ಣು ಒಣಗಿದ ಕೂಡಲೇ ಹುಲ್ಲೂ ಒಣಗುತ್ತದೆ. ಆಮೇಲೆ ಎಷ್ಟು ನೀರು ಸುರಿದರೂ ಅಷ್ಟೇ. ಒಂದು ಸಲಕ್ಕೆ ಎತ್ತರದ ಮೂರರಲ್ಲಿ ಒಂದು ಪಾಲು ಮಾತ್ರ ತೆಗೆಯಬೇಕು. ಮೂರು ಇಂಚು ಬೆಳೆದಿದ್ದರೆ ಒಂದು ಇಂಚು, ಅಷ್ಟೇ. ಗರಿಕೆ ಲಾನ್ ಮಳೆಗಾಲದಲ್ಲಿ ಒಂದೂವರೆ ಇಂಚು ಇದ್ದರೆ ಚೆಂದ. ಮಾರ್ಚಿನಿಂದ ಮೇವರೆಗೆ ಎರಡು ಇಂಚು ಬಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕತ್ತರಿಸಬೇಕಾಗುತ್ತದೆ, ನಿಜ. ಅಷ್ಟು ಪುರುಸೊತ್ತು ಇಲ್ಲದವರು ಲಾನ್ ಯಾಕೆ ಹಾಕಿಸಬೇಕು ಅಂತ ನನಗೆ ಅನಿಸುತ್ತದೆ. ನಾಲ್ಕು ದಾಸವಾಳದ ಗಿಡ ಸಾಕಲ್ವಾ?

ಬೋಳಿಸಿದರೆ ಇನ್ನೊಂದು ತೊಂದರೆ. ನೆಲಕ್ಕೆ ಬಿಸಿಲು ತಾಗಿ ಕಾಂಗ್ರೆಸ್ ಗಿಡ, ಜೇಕು ಮೇಲೇಳುತ್ತವೆ. ಜೇಕಿನ ಗಡ್ಡೆ ಮಣ್ಣಿನೊಳಗೆ ಇರುತ್ತದೆ. ಮೇಲೆ ಎಷ್ಟು ಸಲ ಕತ್ತರಿಸಿದರೂ ಮತ್ತೆ ಚಿಗುರುತ್ತದೆ. ಗಡ್ಡೆ ಸಮೇತ ಅಗೆದು ತೆಗೆಯುವುದೇ ದಾರಿ. ಲಾನ್‌ಗೆ ಅಂತ ಹೊರಗಿನಿಂದ ಮಣ್ಣು ಹೊಡೆಸುವವರು ಮೊದಲು ಆ ಮಣ್ಣನ್ನು ಕೈಯಲ್ಲಿ ಪುಡಿ ಮಾಡಿ, ಕರಿ ಗಡ್ಡೆ ಇದೆಯಾ ನೋಡಿಕೊಳ್ಳಿ.

ಈಗ ನನ್ನ ಕಸುಬಿನ ಮಾತು. ಹುಲ್ಲು ಕತ್ತರಿಸಿದ ಎರಡು ದಿನಕ್ಕೆ ಲಾನ್ ಪೂರ್ತಿ ಬಿಳಿಚಿಕೊಂಡರೆ ಕೂಡಲೇ ಗೊಬ್ಬರದ ಅಂಗಡಿಗೆ ಓಡಬೇಡಿ. ಒಂದು ಎಳೆ ಕಿತ್ತು ತುದಿ ನೋಡಿ. ನೀಟಾಗಿ ಕತ್ತರಿಸಿದ್ದರೆ ಬ್ಲೇಡ್ ಸರಿ ಇದೆ. ತುದಿ ನಾರು ನಾರಾಗಿ ಹರಿದಿದ್ದರೆ ಬ್ಲೇಡ್ ಮೊಂಡಾಗಿದೆ. ಮೊಂಡು ಬ್ಲೇಡ್ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ತುದಿ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬ್ಲೇಡನ್ನು ಮನೆಯಲ್ಲೇ ಅರದಲ್ಲಿ ಉಜ್ಜಬಹುದು. ಮೊದಲಿದ್ದ ಇಳಿಜಾರು ಕೆಡದ ಹಾಗೆ ಉಜ್ಜಿ. ಆಮೇಲೆ ಗೋಡೆಗೆ ಒಂದು ಮೊಳೆ ಹೊಡೆದು, ಬ್ಲೇಡಿನ ನಡುವಿನ ತೂತಿಗೆ ಸಿಕ್ಕಿಸಿ ಅಡ್ಡಲಾಗಿ ನಿಲ್ಲಿಸಿ. ಯಾವ ಕಡೆ ಬಾಗುತ್ತದೋ ಆ ಕಡೆ ಭಾರ ಜಾಸ್ತಿ. ಅಲ್ಲಿ ಇನ್ನಷ್ಟು ಉಜ್ಜಿ. ಇದನ್ನು ಬಿಟ್ಟರೆ ಮಷಿನ್ ನಡುಗುತ್ತದೆ, ಬೇರಿಂಗ್ ಹೋಗುತ್ತದೆ, ನನಗೆ ಗಿರಾಕಿ ಸಿಗುತ್ತಾರೆ. ಬ್ಲೇಡ್ ಮುಟ್ಟುವ ಮುಂಚೆ ಕರೆಂಟಿನ ಪ್ಲಗ್ ಕಿತ್ತಿಡಿ. ಪೆಟ್ರೋಲ್ ಮಷಿನ್ ಆದರೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದೆ ಅಂತ ಸುಮ್ನೆ ಕೈ ಹಾಕಬೇಡಿ.

ಒದ್ದೆ ಹುಲ್ಲಿಗೂ ಮಷಿನ್ ಹಾಕಬೇಡಿ. ಸುಟ್ಟು ಬಂದ ಮೋಟಾರ್ ಬಿಚ್ಚುವಾಗ ತಿರುಗಿಸಿ ನೋಡಿದರೆ, ಅಡಿಯಲ್ಲಿ ಹಸಿ ಹುಲ್ಲು ಸಗಣಿ ಮೆತ್ತಿದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಒಣ ಹುಲ್ಲು ಕತ್ತರಿಸಿದರೆ ಚೂರು ಸಣ್ಣಗೆ ಉದುರುತ್ತದೆ. ಅದನ್ನು ಅಲ್ಲೇ ಬಿಡಿ. ಕೊಳೆತು ಸಾರಜನಕ ಮತ್ತೆ ಮಣ್ಣಿಗೇ ಸೇರುತ್ತದೆ, ಯೂರಿಯಾ ಖರ್ಚು ಸ್ವಲ್ಪ ಉಳಿಯುತ್ತದೆ.

ನೀರಿನ ಲೆಕ್ಕವನ್ನೂ ಹೇಳಬೇಕು. ಇಪ್ಪತ್ತು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದದ ಲಾನ್‌ಗೆ ವಾರಕ್ಕೆ ಒಂದು ಇಂಚು ನೀರು ಅಂದರೆ ಸುಮಾರು 1,180 ಲೀಟರ್. ಸಾವಿರ ಲೀಟರಿನ ಟ್ಯಾಂಕಿಗಿಂತ ಜಾಸ್ತಿ. ತುಂಗಭದ್ರೆಯಿಂದಲೂ ಭದ್ರಾ ನಾಲೆಯಿಂದಲೂ ನೀರು ತಂದು ಕುಡಿಯುವ ಊರು ನಮ್ಮದು. ಬೇಸಿಗೆಯಲ್ಲಿ ನಲ್ಲಿ ನೀರಿಗೆ ಕಾಯುವವರ ಮುಂದೆ ದಿನಾ ಸಂಜೆ ಪೈಪ್ ಹಿಡಿದು ನಿಲ್ಲುವುದು ಚೆಂದ ಕಾಣುವುದಿಲ್ಲ. ರಾತ್ರಿಯೆಲ್ಲ ಎಲೆ ಒದ್ದೆ ಇದ್ದರೆ ಬೂಷ್ಟು ರೋಗವೂ ಬರುತ್ತದೆ. ಬೆಳಗ್ಗೆ ಬೇಗ, ವಾರಕ್ಕೆ ಎರಡು ಸಲ, ಆಳಕ್ಕೆ ಇಳಿಯುವ ಹಾಗೆ ಬಿಡಿ. ಒಂದು ಉದ್ದನೆಯ ಸ್ಕ್ರೂಡ್ರೈವರ್ ಮಣ್ಣಿಗೆ ಚುಚ್ಚಿ. ಸಲೀಸಾಗಿ ಇಳಿದರೆ ಆ ದಿನ ನೀರು ಬೇಡ. ಬೇಸಿಗೆಯಲ್ಲಿ ಅಷ್ಟೂ ನೀರಿಲ್ಲ ಅಂದರೆ ಗರಿಕೆಯನ್ನು ಒಣಗಲು ಬಿಟ್ಟುಬಿಡಿ. ನೆಲದೊಳಗಿನ ಬೇರುಕಾಂಡ ಜೀವ ಹಿಡಿದಿರುತ್ತದೆ, ಮುಂಗಾರು ಬಿದ್ದರೆ ಹಸಿರಾಗುತ್ತದೆ.

ಪಾರ್ಕ್‌ಗಳ ಕಥೆ ಇನ್ನೂ ಬೇರೆ. ನಮ್ಮ ಬಡಾವಣೆಯ ಪಾರ್ಕಿಗೆ ಗುತ್ತಿಗೆಯವರು ಯಾವಾಗಲೋ ಬಂದು, ಮೊಣಕಾಲೆತ್ತರದ ಹುಲ್ಲನ್ನು ಬ್ರಷ್ ಕಟರ್‌ನಲ್ಲಿ ಮಣ್ಣು ಕಾಣುವವರೆಗೆ ಕೆರೆದು ಹೋಗುತ್ತಾರೆ. ಕಲ್ಲು ಸಿಡಿದು ವಾಕಿಂಗ್ ಬಂದವರ ಕಾಲಿಗೆ ಬೀಳುತ್ತದೆ. ರಾಶಿ ಮಾಡಿದ ಹುಲ್ಲಿಗೆ ಅಲ್ಲೇ ಬೆಂಕಿ. ಗುತ್ತಿಗೆ ಕೊಡುವಾಗ ‘ಹುಲ್ಲು ಕತ್ತರಿಸುವುದು’ ಎಂದಷ್ಟೇ ಬರೆಯದೆ, ಎಷ್ಟು ಎತ್ತರ ಬಿಡಬೇಕು, ಎಷ್ಟು ದಿನಕ್ಕೊಮ್ಮೆ ಬರಬೇಕು ಎಂದೂ ಬರೆಯಲಿ. ಕತ್ತರಿಸಿದ್ದನ್ನು ಸುಡದೆ ಮೂಲೆಯಲ್ಲಿ ಗುಂಡಿ ತೋಡಿ ಹಾಕಲಿ. ತೋಟಗಾರಿಕೆ ಇಲಾಖೆಯವರು ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಬ್ಲೇಡ್ ಮಸೆಯುವುದನ್ನು ತೋರಿಸಲು ಒಂದು ಟೇಬಲ್ ಹಾಕಲಿ. ಕರೆದರೆ ಅರ, ಮೊಳೆ ಎರಡನ್ನೂ ನಾನೇ ತರುತ್ತೇನೆ.

– ಮೋಟಾರ್ ರಿಪೇರಿಯವ, ದಾವಣಗೆರೆ