ನೀನು ಮೂರು ಸಲ ಹಲೋ ಅಂದೆಯಲ್ಲ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಮಾತಾಡುತ್ತಾ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಅಷ್ಟಕ್ಕೇ ನೀನು "ಹಲೋ... ಹಲೋ... ಹಲೋ, ಲೈನಲ್ಲಿದ್ದೀಯೇನೋ?" ಅಂತ ಗಾಬರಿಯಾದೆ. ಆಮೇಲೆ "ಏನಾದರೂ ಬೇಜಾರಾಯಿತಾ?" ಅಂತ ಬೇರೆ ಕೇಳಿದೆ. ಬೇಜಾರು ಏನೂ ಇರಲಿಲ್ಲ ಕಣೋ. ಹೇಳೋದು ಮುಗಿದಿತ್ತು, ಫೋನ್ ಇಡೋಕೆ ಮನಸ್ಸಿರಲಿಲ್ಲ, ಅಷ್ಟೇ. ಇದನ್ನು ಆಗಲೇ ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ. ಅದಕ್ಕೇ ಈ ಕಾಗದ. ಎಲ್ಲರೂ ಓದುವ ಹಾಗೆ ಬರೆದೆ ಅಂತ ಬೈಯಬೇಡ, ಮೂರು ಸಲ ಹಲೋ ಅನ್ನುವವರು ಇನ್ನೂ ಬೇಕಾದಷ್ಟು ಜನ ಇದ್ದಾರೆ.

ಮೊದಲು ಒಂದು ತಮಾಷೆ ಹೇಳುತ್ತೇನೆ. ಆ ಹೊತ್ತಿನಲ್ಲಿ ನಿನ್ನ ಕಿವಿಗೆ ಸಣ್ಣಗೆ 'ಸುಯ್' ಅಂತ ಕೇಳಿಸಿರಬೇಕು, ಅಲ್ವಾ? ಅದು ನನ್ನ ಕಡೆಯಿಂದ ಬಂದದ್ದೇ ಅಲ್ಲದಿರಬಹುದು. ಮೊಬೈಲ್ ಕರೆಯಲ್ಲಿ ಒಬ್ಬರು ಮಾತು ನಿಲ್ಲಿಸಿದರೆ ಅವರ ಫೋನು ದನಿಯನ್ನು ಎಡೆಬಿಡದೆ ಕಳಿಸುವುದನ್ನೂ ನಿಲ್ಲಿಸುತ್ತದೆ. ಬ್ಯಾಟರಿ ಉಳಿಯುತ್ತದೆ, ನೆಟ್‌ವರ್ಕ್ ಮೇಲಿನ ಹೊರೆಯೂ ಕಡಿಮೆ. ಆದರೆ ಆಗ ಈ ಕಡೆ ಪೂರಾ ನಿಶ್ಶಬ್ದ. ಕೇಳುವವರಿಗೆ ಕಾಲ್ ಕಟ್ ಆಯಿತೇನೋ ಅನ್ನಿಸಿಬಿಡುತ್ತದೆ. ಅದಕ್ಕೇ ಕೇಳುವವರ ಫೋನೇ ಒಂದು ಸಣ್ಣ ಸದ್ದನ್ನು ತಾನಾಗಿ ತಯಾರಿಸಿ ಆ ಖಾಲಿ ಜಾಗಕ್ಕೆ ತುಂಬುತ್ತದೆ. ಇಂಜಿನಿಯರುಗಳು ಅದಕ್ಕೆ ಇಟ್ಟ ಹೆಸರು ಕಂಫರ್ಟ್ ನಾಯ್ಸ್. ಸಮಾಧಾನದ ಸದ್ದು! "ಇದ್ದಾನೆ, ಇದ್ದಾನೆ" ಅಂತ ನಿನ್ನ ಫೋನೇ ನನ್ನ ಪರವಾಗಿ ಹೇಳುತ್ತಿತ್ತು. ನೀನು ನಂಬಲಿಲ್ಲ.

ನಿನ್ನ ತಪ್ಪಲ್ಲ ಬಿಡು. ಬೇರೆ ಬೇರೆ ದೇಶಗಳ ಹತ್ತು ಭಾಷೆಗಳಲ್ಲಿ ಜನ ಹೌದು-ಅಲ್ಲ ಎನ್ನುವಂಥ ಪ್ರಶ್ನೆಗೆ ಎಷ್ಟು ಬೇಗ ಉತ್ತರ ಕೊಡುತ್ತಾರೆ ಅಂತ ಅಳೆದು ನೋಡಿದ ಒಂದು ಅಧ್ಯಯನ 2009ರಲ್ಲಿ ಬಂತು. ಸರಾಸರಿ ಸುಮಾರು 200 ಮಿಲಿಸೆಕೆಂಡ್. ಅಂದರೆ ಒಂದು ಸೆಕೆಂಡಿನ ಐದನೇ ಒಂದು ಪಾಲು. ಎಲ್ಲರಿಗಿಂತ ನಿಧಾನ ಡೇನಿಷ್ ಮಾತಾಡುವವರು, ಅವರೂ ಅರ್ಧ ಸೆಕೆಂಡಿನೊಳಗೇ. ಎಲ್ಲರಿಗಿಂತ ಬೇಗ ಯಾರು ಹೇಳು? ಜಪಾನಿನವರು! ಮೌನ ಅಂದ ಕೂಡಲೇ ನಾವೆಲ್ಲ ಬೆರಳು ತೋರಿಸುವುದೇ ಅವರ ಕಡೆಗೆ. 'ಮಾ' ಅನ್ನುವ ಅವರ ಪದವನ್ನು ಡಿಸೈನ್ ಕಲಿತವರು ಬಾಯಿ ತುಂಬಾ ಹೇಳುತ್ತಾರೆ. ಎರಡು ಸ್ವರಗಳ ನಡುವಿನ ಬಿಡುವು, ಎರಡು ವಸ್ತುಗಳ ನಡುವೆ ಬೇಕೆಂದೇ ಬಿಟ್ಟ ಜಾಗ. ಅದನ್ನು ಬರೆಯುವ ಅಕ್ಷರವೂ ಚೆನ್ನಾಗಿದೆ: ಬಾಗಿಲು, ಅದರ ಸಂದಿಯಲ್ಲಿ ಸೂರ್ಯ. ಅದೆಲ್ಲ ನಿಜವೇ. ಆದರೆ "ಬರ್ತೀಯಾ?" ಅಂತ ಕೇಳಿದರೆ ಅವರೂ ಥಟ್ಟನೆ ಹೂಂ ಅನ್ನುತ್ತಾರೆ. ಈ ದೇಶದವರು ಮೌನಿಗಳು, ಆ ದೇಶದವರು ಗಲಾಟೆಯವರು ಅನ್ನುವ ಮಾತನ್ನು ನಾನು ನಂಬುವುದು ಬಿಟ್ಟಿದ್ದೇನೆ. ಪ್ರಶ್ನೆ ಕೇಳಿದವನು ಎಲ್ಲಿದ್ದರೂ ಕಾಯುತ್ತಿರುತ್ತಾನೆ.

ಈ ಕಾಯುವುದೇ ಎಲ್ಲದರ ಮೂಲ ಅಂತ ನನಗೆ ಹೊಳೆದದ್ದು ಆಸ್ಪತ್ರೆಯಲ್ಲಿ. ಅಪ್ಪನನ್ನು ಅಡ್ಮಿಟ್ ಮಾಡಿದ್ದಾಗ ಮೂರು ರಾತ್ರಿ ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ, ನಿನಗೆ ಗೊತ್ತು. ಡ್ರಿಪ್ ಪಂಪು ಆಗಾಗ ಕೂಗುತ್ತಿತ್ತು. ನರ್ಸ್ ಬಂದು, ಒಂದು ಬಟನ್ ಒತ್ತಿ, ಹೋಗುವರು. ಎರಡು ನಿಮಿಷಕ್ಕೆ ಮತ್ತೆ ಟೂಂ ಟೂಂ. ಅವರನ್ನೂ ಬೈಯುವ ಹಾಗಿಲ್ಲ, ದಿನವಿಡೀ ಹತ್ತಾರು ಮೆಷಿನ್ನುಗಳು ಕೂಗಿದರೆ ಯಾವ ಕೂಗಿಗೆ ಅಂತ ಓಡುವುದು? ಕಿವಿ ಜಡ್ಡುಗಟ್ಟುತ್ತದೆ. ಬೇರೆ ಕೆಲಸವಿಲ್ಲದೆ ನಾನು ಡೆಸಿಬಲ್ ಅಳೆಯುವ ಆ್ಯಪ್ ಹಾಕಿಕೊಂಡೆ. ಅಂಥ ಆ್ಯಪ್‌ಗಳದ್ದು ಅಷ್ಟು ಪಕ್ಕಾ ಲೆಕ್ಕ ಅಲ್ಲ, ಆದರೂ 60ರ ಆಸುಪಾಸು ತೋರಿಸುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ರಾತ್ರಿ ಹೊತ್ತು ವಾರ್ಡಿನೊಳಗೆ 30 ಡೆಸಿಬಲ್ ಮೀರಬಾರದು ಅಂದಿದೆ, ಅಂದರೆ ಪಿಸುಮಾತಿನಷ್ಟು. ಪ್ರತಿ 10 ಡೆಸಿಬಲ್‌ಗೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. 30ರಿಂದ 60ಕ್ಕೆ ಹೋದರೆ ಸಾವಿರ ಪಟ್ಟು!

ಆದರೆ ಅಪ್ಪನ ನಿದ್ದೆ ಕೆಟ್ಟದ್ದು ಆ ಪಂಪಿನಿಂದಲ್ಲ. ಅದು ಕೂಗುತ್ತಿದ್ದರೂ ಅವರು ಹೇಗೋ ಜೋಂಪು ಹತ್ತಿ ಮಲಗುತ್ತಿದ್ದರು. ಮೂರನೇ ರಾತ್ರಿ ಬಾಗಿಲಿನ ಹೊರಗೆ ಇಬ್ಬರು ಡಾಕ್ಟರು ದನಿ ತಗ್ಗಿಸಿ ಏನೋ ಮಾತಾಡಿಕೊಳ್ಳುತ್ತಿದ್ದರು. ಪಾಪ, ರೋಗಿಗಳಿಗೆ ತೊಂದರೆ ಆಗದಿರಲಿ ಅಂತಲೇ ತಗ್ಗಿಸಿದ್ದು. ಅಪ್ಪ ಕಣ್ಣು ಬಿಟ್ಟರು. ತಲೆಯನ್ನು ದಿಂಬಿನಿಂದ ಒಂಚೂರು ಎತ್ತಿ, ಉಸಿರು ಬಿಗಿಹಿಡಿದು ಬಾಗಿಲ ಕಡೆಗೇ ಕಿವಿ ಇಟ್ಟರು. ಕುತ್ತಿಗೆಯ ನರ ಉಬ್ಬಿಕೊಂಡಿತ್ತು. "ನನ್ನ ಬಗ್ಗೆನೇನೋ ಅದು?" ಅಂದರು. ಎದ್ದು ಹೋಗಿ ನೋಡಿದರೆ, ಅವರು ಮಾತಾಡುತ್ತಿದ್ದದ್ದು ಡ್ಯೂಟಿ ಬದಲಾಯಿಸಿಕೊಳ್ಳುವ ಬಗ್ಗೆ. ಬಂದು ಹೇಳಿದೆ. ಅಪ್ಪ ಹೂಂ ಅಂದರು, ಬೆಳಗಿನ ತನಕ ಕಣ್ಣು ಮುಚ್ಚಲಿಲ್ಲ.

ಇದನ್ನು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿಟ್ಟಿದ್ದಾರೆ ಅಂತ ಆಮೇಲೆ ಓದಿದೆ. ರೋಗಿಗೆ ಪೆಟ್ಟು ಕೊಡುವುದು ಬರೀ ಜೋರಾದ ಸದ್ದಲ್ಲ, ಬೇಡದ ಸದ್ದು, ಮನಸ್ಸು ಏನನ್ನೋ ಎದುರು ನೋಡುವ ಹಾಗೆ ಮಾಡುವ ಸದ್ದು. ಪಕ್ಕದ ಓಡಾಟದ ಜಾಗದಲ್ಲಿ ನಿಂತು ಮಾತಾಡುವ ಡಾಕ್ಟರುಗಳನ್ನೂ ನೆಂಟರನ್ನೂ ಅವರು ಸರಿಯಾಗಿ ಬೈದಿದ್ದಾರೆ. ಕೋಣೆಯೊಳಗೇ ಪಿಸುಗುಟ್ಟಿದರಂತೂ ಅದು ಕ್ರೌರ್ಯವೇ, ರೋಗಿ ಬೇಡವೆಂದರೂ ಅವನ ಕಿವಿ ಆ ಕಡೆಗೆ ಹೋಗಿಯೇ ಹೋಗುತ್ತದೆ ಅನ್ನುತ್ತಾರೆ. ಆ ಸಾಲು ಓದಿದಾಗ ನನಗೆ ಕಂಡದ್ದು ಅಪ್ಪನ ಕುತ್ತಿಗೆ. (ಅಪ್ಪ ಈಗ ಆರಾಮಾಗಿದ್ದಾರೆ. ನಿನ್ನನ್ನು ಕೇಳಿದರು.)

ಮನೆಗೆ ಬಂದವನೇ ಫೋನಿನ ನೋಟಿಫಿಕೇಶನ್‌ಗಳನ್ನೆಲ್ಲ ಬಂದ್ ಮಾಡಿದೆ. ಭಾರಿ ಜಾಣ ಅಂದುಕೊಂಡೆ. ಆದದ್ದೇನು ಗೊತ್ತಾ? ಮೊದಲು ಅದು ಕೂಗಿದಾಗ ನೋಡುತ್ತಿದ್ದವನು ಈಗ ಕೂಗದಿದ್ದರೂ ನೋಡತೊಡಗಿದೆ. ಜೇಬಿನಲ್ಲಿ ಫೋನೇ ಇಲ್ಲದಾಗಲೂ ತೊಡೆಯ ಹತ್ತಿರ ಗುಂಯ್ ಅಂದ ಹಾಗಾಗುತ್ತಿತ್ತು. ಸದ್ದು ಹೋಗಿತ್ತು, ಕಾಯುವುದು ಹೋಗಿರಲಿಲ್ಲ. ಕೊನೆಗೆ ಮೂವರಿಗೆ ಮಾತ್ರ ಸದ್ದು ವಾಪಸ್ ಕೊಟ್ಟೆ: ಮನೆಯವರು, ಆಫೀಸಿನ ಒಬ್ಬರು, ನೀನು. ಬೇಕಾದವರು ಕರೆದರೆ ಖಂಡಿತ ಕೇಳಿಸುತ್ತದೆ ಅಂತ ಗೊತ್ತಾದ ಮೇಲೆಯೇ ಉಳಿದ ಹೊತ್ತು ನಿಜವಾಗಿ ಹಗುರಾಯಿತು. ಬೇಕಾದ ಸದ್ದು ಇರಲೇಬೇಕು ಕಣೋ. ಯುರೋಪಿನಲ್ಲಿ 2021ರ ಜುಲೈನಿಂದ ಹೊಸ ಎಲೆಕ್ಟ್ರಿಕ್ ಕಾರುಗಳು ಗಂಟೆಗೆ 20 ಕಿ.ಮೀ. ವೇಗದವರೆಗೆ ಬೇಕೆಂದೇ ಸದ್ದು ಮಾಡುತ್ತಾ ಹೋಗಬೇಕು. ಕಣ್ಣು ಕಾಣದವರು ರಸ್ತೆ ದಾಟಬೇಡವೇ?

ಡಿಸೈನ್ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ದಾರ. ನಗಬೇಡ. 1990ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ನಟಾಲಿ ಜೆರೆಮಿಜೆಂಕೊ ಅನ್ನುವ ಕಲಾವಿದೆ ಎಂಟು ಅಡಿ ಉದ್ದದ ಪ್ಲಾಸ್ಟಿಕ್ ದಾರವನ್ನು ಸೀಲಿಂಗಿನ ಒಂದು ಪುಟ್ಟ ಮೋಟಾರಿಗೆ ನೇತುಹಾಕಿದರು. ಮೋಟಾರಿಗೆ ಕಂಪ್ಯೂಟರ್ ನೆಟ್‌ವರ್ಕಿನ ಕೇಬಲ್ಲಿನ ಸಂಪರ್ಕ. ಕೇಬಲ್ಲಿನಲ್ಲಿ ಮಾಹಿತಿ ಹರಿದಾಗೆಲ್ಲ ದಾರ ಚೂರು ಮಿಸುಕುತ್ತದೆ. ಕೆಲಸ ಕಡಿಮೆ ಇದ್ದರೆ ಕೆಲವು ಸೆಕೆಂಡಿಗೊಮ್ಮೆ ಸಣ್ಣಗೆ ಮಿಡಿಯುತ್ತದೆ, ಜಾಸ್ತಿಯಾದರೆ ಗಿರಗಿರ ತಿರುಗಿ ಸುಯ್ಯೆನ್ನುತ್ತದೆ. ಓಡಾಡುವವರಿಗೆ ಕಣ್ಣಂಚಿನಲ್ಲೇ ಗೊತ್ತಾಗುತ್ತಿತ್ತು, ಇವತ್ತು ನೆಟ್‌ವರ್ಕ್ ಸುಸ್ತಾಗಿದೆ ಅಂತ. ಅಲ್ಲಿನ ಮಾರ್ಕ್ ವೈಸರ್ ಮತ್ತು ಜಾನ್ ಸೀಲಿ ಬ್ರೌನ್ 1995ರಲ್ಲಿ ಶಾಂತ ತಂತ್ರಜ್ಞಾನದ ಬಗ್ಗೆ ಬರೆದಾಗ ಈ ದಾರವನ್ನೇ ಉದಾಹರಣೆ ಕೊಟ್ಟರು. ಅದೂ ಸದ್ದು ಮಾಡುತ್ತದೆ, ಆದರೆ ಯಾರಿಂದಲೂ ಉತ್ತರ ಕೇಳುವುದಿಲ್ಲ. ಬೇಕಿದ್ದರೆ ನೋಡು, ಬೇಡವಾದರೆ ನಿನ್ನ ಪಾಡಿಗೆ ನೀನಿರು.

ನಮ್ಮಲ್ಲಿ ಇದಕ್ಕೆ ಎಂಥಾ ಪದ ಇದೆ ನೋಡು, ಸುಮ್ನೆ. 'ಸುಮ್ನಿರು' ಅಂದರೆ ಸದ್ದು ಮಾಡಬೇಡ. "ಯಾಕೆ ಬಂದೆ?" "ಸುಮ್ನೆ ಬಂದೆ" ಅಂದರೆ ಕಾರಣ ಏನಿಲ್ಲ, ನಿನ್ನಿಂದ ಏನೂ ಬೇಡ. "ದುಡ್ಡೇನು ಸುಮ್ನೆ ಬರುತ್ತಾ?" ಅಂದರೆ ಇನ್ನೊಂದು. ಸದ್ದಿಲ್ಲದ್ದು, ಉದ್ದೇಶ ಇಲ್ಲದ್ದು ಎರಡನ್ನೂ ಒಂದೇ ಮಾತಿನಲ್ಲಿ ಹೇಳುತ್ತೇವೆ. ಯಾರು ಯಾವಾಗ ಹೀಗೆ ಸೇರಿಸಿದರೋ, ಪುಣ್ಯಾತ್ಮರು.

ನಾವಿಬ್ಬರೂ ಒಂದೇ ರೂಮಿನಲ್ಲಿದ್ದಾಗಿನ ಸಂಜೆಗಳು ನೆನಪಿದೆಯಾ? ನೀನು ಗೋಡೆಗೆ ಕಾಲು ಕೊಟ್ಟು ಓದುತ್ತಿದ್ದೆ. ನಾನು ಆ ನೀಲಿ ಶರ್ಟಿಗೆ ಗುಂಡಿ ಹೊಲಿಯುತ್ತಿದ್ದೆ, ಒಂದೇ ಗುಂಡಿ, ಎಷ್ಟು ಸಲ ಹೊಲಿದರೂ ಕಿತ್ತು ಬರುತ್ತಿತ್ತು. ಗಂಟೆಗಟ್ಟಲೆ ಮಾತಿಲ್ಲ. ನೀನು ಒಂದು ಸಲವೂ ಹಲೋ ಅಂದದ್ದಿಲ್ಲ. ನಾನಲ್ಲಿದ್ದದ್ದು ನಿನಗೆ ಕಾಣುತ್ತಿತ್ತು. ಫೋನಿನಲ್ಲಿ ನಾನಿದ್ದೇನೆ ಅನ್ನುವುದಕ್ಕೆ ನಿನ್ನ ಬಳಿ ಇರುವ ಪುರಾವೆ ನನ್ನ ಮಾತೊಂದೇ, ಅದಕ್ಕೇ ಅದು ನಿಂತ ಕೂಡಲೇ ನಿನಗೆ ದಿಗಿಲು. ಇಷ್ಟು ಸಣ್ಣ ವಿಷಯ ಅರ್ಥವಾಗೋಕೆ ನನಗೆ ಇಷ್ಟು ಉದ್ದ ಕಾಗದ ಬೇಕಾಯಿತು.

ಭಾನುವಾರ ಫೋನ್ ಮಾಡುತ್ತೇನೆ. ವಿಷಯ ಏನೂ ಇಲ್ಲ, ಸುಮ್ನೆ.

ನಿನ್ನ
ಹಳೇ ರೂಮ್‌ಮೇಟ್