ಹಳೆಯ ವಾಚು ಅಸಲಿಯಾಗಿದ್ದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಹಳೆಯ ಸ್ವಿಸ್ ವಾಚುಗಳನ್ನು ದೊಡ್ಡ ಮೊತ್ತ ಕೊಟ್ಟು ಕೊಳ್ಳುವವರು ಈಚೆಗೆ ನಮ್ಮ ಊರುಗಳಲ್ಲೂ ಹೆಚ್ಚಾಗಿದ್ದಾರೆ. ಕೊಂಡ ಮೇಲೆ ನನ್ನಂಥ ರಿಪೇರಿಯವರ ಬಳಿ ತಂದು ‘ಇದು ಅಸಲಿಯೇ?’ ಎಂದು ಕೇಳುತ್ತಾರೆ. ನಿಜಕ್ಕೂ ಕೇಳಬೇಕಾದ ಪ್ರಶ್ನೆಗಳು ಎರಡು. ವಾಚು ಆ ಕಂಪನಿಯದ್ದೇ ಹೌದೇ ಎನ್ನುವುದು ಒಂದು. ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದ ಭಾಗಗಳೇ ಈಗಲೂ ಅದರಲ್ಲಿವೆಯೇ ಎನ್ನುವುದು ಇನ್ನೊಂದು. ಬೆಲೆ ಬಹುಮಟ್ಟಿಗೆ ನಿಂತಿರುವುದು ಎರಡನೆಯದರ ಮೇಲೆ, ಆದರೆ ಮಾರುವವರು ಉತ್ತರ ಕೊಡುವುದು ಮೊದಲನೆಯದಕ್ಕೆ ಮಾತ್ರ.

ಕಳೆದ ತಿಂಗಳು ಯುವಕರೊಬ್ಬರು 1960ರ ದಶಕದ ನಡುಭಾಗದ, ಒಮೆಗಾ ಕಂಪನಿಯ ಕಾನ್‌ಸ್ಟೆಲೇಷನ್ ಮಾದರಿಯ ವಾಚು ತಂದಿದ್ದರು. ಮೊಬೈಲಿನಲ್ಲಿ ಚಿತ್ರ ನೋಡಿ, ಬಿಲ್ಲಿಲ್ಲದೆ ಕೊಂಡದ್ದು. ಹಿಂಬದಿಯ ಮುಚ್ಚಳದ ಮೇಲಿನ ವೀಕ್ಷಣಾಲಯ ಮತ್ತು ಎಂಟು ನಕ್ಷತ್ರಗಳ ಉಬ್ಬುಚಿತ್ರ ಸರಿಯಾಗಿತ್ತು. ಮುಚ್ಚಳ ಬಿಚ್ಚಿದಾಗ ಕಂಡದ್ದು ತಾಮ್ರದ ಬಣ್ಣದ, 561 ಎಂಬ ಮಾದರಿ ಸಂಖ್ಯೆಯ ಮಷೀನು. ಐದು ಭಂಗಿಗಳಲ್ಲಿಯೂ ಬೇರೆಬೇರೆ ತಾಪಮಾನದಲ್ಲಿಯೂ ವೇಳೆ ಸರಿಯಾಗಿರುವಂತೆ ಹೊಂದಿಸಿದೆ ಎಂಬ ಇಂಗ್ಲಿಷ್ ಬರಹ ಅದರ ಮೇಲಿತ್ತು. ಡಯಲಿನಲ್ಲಿ ‘ಕ್ರೋನೋಮೀಟರ್’ (ನಿಖರತೆಯ ಪರೀಕ್ಷೆಯಲ್ಲಿ ಗೆದ್ದ ವಾಚು) ಎಂದಿರುವ ಈ ಕಾಲದ ಕಾನ್‌ಸ್ಟೆಲೇಷನ್‌ನಲ್ಲಿ ಆ ಬರಹ ಇರಬೇಕು. ಒಮೆಗಾದ್ದೇ ಇನ್ನೊಂದು ಮಾದರಿಯಾದ ಸೀಮಾಸ್ಟರಿನ 562 ಅಥವಾ 565 ಮಷೀನನ್ನು ತಂದು ಇದರೊಳಗೆ ಕೂರಿಸಿದವರು ಸಿಕ್ಕಿಬೀಳುವುದು ಇಲ್ಲಿಯೇ. ಈ ವಾಚಿನ ಮಷೀನಿನಲ್ಲಿ ದೋಷವಿರಲಿಲ್ಲ, ದೋಷವಿದ್ದದ್ದು ಡಯಲಿನಲ್ಲಿ. ಕಣ್ಣಿಗೆ ಭೂತಗನ್ನಡಿ ಏರಿಸಿ ನೋಡಿದರೆ ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿತ್ತು; ನಿಮಿಷದ ಗೆರೆಗಳು ಗಂಟೆಯ ಲೋಹದ ಪಟ್ಟಿಗಳ ನೇರಕ್ಕೆ ಬಾರದೆ ಕೂದಲೆಳೆಯಷ್ಟು ಸರಿದಿದ್ದವು. ಅಂಗಡಿಯ ದೀಪ ಆರಿಸಿದಾಗ ಗಂಟೆಯ ಚುಕ್ಕೆಗಳು ಹಸಿರಾಗಿ ಹೊಳೆದವು.

ಹೊಳೆಯುತ್ತಿರುವುದನ್ನು ಕಂಡು ಅವರು ಸಂತೋಷಪಟ್ಟರು. ನನಗೆ ಅದೇ ದೊಡ್ಡ ಸಾಕ್ಷಿಯಾಯಿತು. ಸ್ವಿಸ್ ಡಯಲುಗಳಿಗೆ 1960ರ ದಶಕದ ಆರಂಭದವರೆಗೂ ಕತ್ತಲಲ್ಲಿ ಬೆಳಗಲೆಂದು ವಿಕಿರಣ ಸೂಸುವ ರೇಡಿಯಂ ಬೆರೆಸಿದ ಬಣ್ಣ, ಅನಂತರ ಟ್ರಿಟಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಟ್ರಿಟಿಯಂ ಸುಮಾರು 12.3 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ; 60 ವರ್ಷ ಕಳೆದರೆ ಉಳಿಯುವುದು ಮೂವತ್ತರಲ್ಲಿ ಒಂದು ಪಾಲು. ರೇಡಿಯಂ ಸಾವಿರಾರು ವರ್ಷ ಬಾಳುವಂಥದ್ದಾದರೂ ಅದರೊಡನೆ ಬೆರೆಸಿದ, ಬೆಳಗಬೇಕಾದ ಸತುವಿನ ಸಲ್ಫೈಡ್ ಎಂದೋ ಸತ್ವ ಕಳೆದುಕೊಂಡಿರುತ್ತದೆ. (ರೇಡಿಯಂ ಡಯಲನ್ನು ಮನೆಯಲ್ಲಿ ಬಿಚ್ಚಿ ಕೆರೆಯುವ ಸಾಹಸ ಯಾರೂ ಮಾಡಬಾರದು, ಆ ಧೂಳು ಉಸಿರಿನೊಳಗೆ ಹೋದರೆ ಅಪಾಯ.) ಅರುವತ್ತು ವರ್ಷದ ಡಯಲು ಇಂದೂ ಝಗಮಗಿಸುತ್ತಿದ್ದರೆ ಬಳಿದಿರುವುದು ಈಚಿನ ಬಣ್ಣ ಎಂದೇ ಅರ್ಥ. ಟ್ರಿಟಿಯಂ ಬಳಿದ ಆ ಕಾಲದ ಡಯಲಿನಲ್ಲಿ ಆರು ಗಂಟೆಯ ಕೆಳಗಿನ ‘ಸ್ವಿಸ್ ಮೇಡ್’ ಬರಹದ ಎರಡೂ ಬದಿಗೆ ಸಾಮಾನ್ಯವಾಗಿ ‘ಟಿ’ ಅಕ್ಷರವಿರುತ್ತಿತ್ತು. ಬಣ್ಣ ಬಳಿದವನು ಅದನ್ನು ಬರೆಯಲು ಮರೆತಿದ್ದ.

ಡಯಲಿಗೆ ಮತ್ತೆ ಬಣ್ಣ ಬಳಿಯುವುದೇ ವಂಚನೆ ಎಂದು ನಾನು ಹೇಳುವುದಿಲ್ಲ. ವಿದೇಶಿ ಬಿಡಿಭಾಗ ಸುಲಭವಾಗಿ ಸಿಗದಿದ್ದ ದಶಕಗಳಲ್ಲಿ, ನೀರು ಹೋಗಿ ಕಲೆಯಾದ ಡಯಲನ್ನು ಹೊಸದಾಗಿ ಬರೆದುಕೊಡುವುದು ನಮ್ಮ ಕಸುಬಿನ ಗೌರವದ ಕೆಲಸವೇ ಆಗಿತ್ತು, ಮಾಲೀಕರಿಗೂ ಅದು ಗೊತ್ತಿರುತ್ತಿತ್ತು. ಅದೇ ಡಯಲನ್ನು ‘ಕಂಪನಿಯದ್ದು, ಯಾರೂ ಮುಟ್ಟಿಲ್ಲ’ ಎಂದು ಹೇಳಿ ಮಾರಿದಾಗ ವಂಚನೆ ಶುರುವಾಗುತ್ತದೆ. ಅತಿಯಾದ ಪಾಲಿಶ್‌ನಿಂದ ಕೇಸಿನ ಅಂಚುಗಳು ಸವೆದು ದುಂಡಗಾದದ್ದನ್ನೂ, ಕೀಲಿ ಕೊಡುವ ತಿರುಪು ಬದಲಾದದ್ದನ್ನೂ ಹೀಗೆಯೇ ಮರೆಮಾಚಲಾಗುತ್ತದೆ.

ತಯಾರಿಸಿದವರೇ ಮೋಸಹೋದ ಉದಾಹರಣೆಯೂ ಇದೆ. 2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚು ಬೆಲೆಗೆ ಹೋಯಿತು. ಕೊಂಡದ್ದು ಸ್ವತಃ ಒಮೆಗಾ, ತನ್ನ ವಸ್ತುಸಂಗ್ರಹಾಲಯಕ್ಕಾಗಿ. ಅದು ಬೇರೆಬೇರೆ ವಾಚುಗಳ ಭಾಗಗಳನ್ನು ಸೇರಿಸಿ ಕಟ್ಟಿದ ವಾಚು ಎಂಬುದು 2023ರಲ್ಲಿ ಬಯಲಾಯಿತು. ತನ್ನದೇ ಮಾಜಿ ಸಿಬ್ಬಂದಿ ಇದರಲ್ಲಿ ಭಾಗಿಗಳಾಗಿದ್ದರೆಂದು ಕಂಪನಿಯೇ ಹೇಳಿತು. ಅಲ್ಲೇ ಹೀಗಾದರೆ ಮೊಬೈಲಿನ ಚಿತ್ರವೊಂದನ್ನು ನಂಬಿ ಹಣ ಕಳಿಸುವವರ ಗತಿಯೇನು?

ಆದ್ದರಿಂದ ಕೊಳ್ಳುವವರು ಹಣ ಕೊಡುವ ಮೊದಲೇ ಮುಚ್ಚಳ ಬಿಚ್ಚಿ ತೋರಿಸುವಂತೆ ಕೇಳಬೇಕು. ಡಯಲು, ಮುಳ್ಳು, ಮಷೀನು, ಕೇಸು, ಕೀಲಿ ಇವುಗಳಲ್ಲಿ ಯಾವುದು ಮೂಲದ್ದು, ಯಾವುದು ಬದಲಾದದ್ದು, ಯಾವುದಕ್ಕೆ ಬಣ್ಣ ಬಳಿದದ್ದು ಎಂಬುದನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವ್ಯಾಪಾರಿ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳುವುದೂ ಅದರಡಿಯಲ್ಲಿಯೇ ಬರುತ್ತದೆ. ಬರಹದಲ್ಲಿ ಇಲ್ಲದಿದ್ದರೆ ಗ್ರಾಹಕ ಆಯೋಗದ ಮುಂದೆ ತೋರಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ವ್ಯಾಪಾರಿಗಳ ಸಂಘಗಳು ಇಂಥದ್ದೊಂದು ಬಿಲ್ಲಿನ ನಮೂನೆಯನ್ನು ತಾವಾಗಿಯೇ ಜಾರಿಗೆ ತರಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಮನೆಯ ಹಿರಿಯರ ವಾಚು ಇಟ್ಟುಕೊಂಡಿರುವವರಲ್ಲಿಯೂ ಒಂದು ವಿನಂತಿ: ಡಯಲು ಮಾಸಿದೆಯೆಂದು ಬಣ್ಣ ಬಳಿಸಬೇಡಿ, ಬದಲಿಸಲೇಬೇಕಾಗಿ ಬಂದರೆ ತೆಗೆದ ಹಳೆಯ ಡಯಲನ್ನು ರಿಪೇರಿಯವರಿಂದ ಕೇಳಿ ಪಡೆದು ಜೋಪಾನವಾಗಿಡಿ.

ಆ ಯುವಕರು ವಾಚನ್ನು ಹಿಂದಿರುಗಿಸಲು ಯತ್ನಿಸಿದರು. ಮಾರಿದವರ ಫೋನು ಸ್ವಿಚ್ ಆಫ್ ಆಗಿತ್ತು. ‘ಮಷೀನು ಮತ್ತು ಕೇಸು ಒಮೆಗಾದವು, ಡಯಲಿಗೆ ಬಣ್ಣ ಬಳಿದಿದೆ, ಗ್ಲಾಸು ಬೇರೆಯದು’ ಎಂದು ನಾನು ಕಾಗದದಲ್ಲಿ ಬರೆದು, ಸಹಿ ಮಾಡಿ ಕೊಟ್ಟೆ. ಮುಂದೆ ಮಾರುವುದಾದರೆ ಈ ಚೀಟಿಯ ಸಮೇತವೇ ಮಾರುತ್ತೇನೆಂದು ಹೇಳಿ ಅವರು ಅದನ್ನು ವಾಚಿನ ಪೆಟ್ಟಿಗೆಯಲ್ಲಿಟ್ಟುಕೊಂಡರು.

ಇತಿ ತಮ್ಮ ವಿಶ್ವಾಸಿ,
ವಾಚ್ ರಿಪೇರಿಗಾರ, ದಾವಣಗೆರೆ