ಭಾಷೆಯೇ ಗೋತ್ರವಾದ ಜನ

ಮಾನ್ಯರೆ,

ಅಮೆಜಾನ್ ಎಂದರೆ ನಮ್ಮ ಪತ್ರಿಕೆಗಳಲ್ಲಿ ಕಾಡ್ಗಿಚ್ಚು, ಅನಕೊಂಡ, ಅಕ್ರಮ ಚಿನ್ನದ ಗಣಿ. ಅಲ್ಲಿನ ಜನ ಆಡುವ ಮಾತಿನ ಬಗ್ಗೆ ಬರೆದದ್ದು ನನಗೆ ಕಂಡದ್ದಿಲ್ಲ. ಮೂವತ್ತು ವರ್ಷ ಕನ್ನಡ ವ್ಯಾಕರಣ ಪಾಠ ಮಾಡಿದ ನನಗೆ ಇದು ಸಂಕಟದ ಸಂಗತಿ.

ಕೊಲಂಬಿಯಾ-ಬ್ರೆಜಿಲ್ ಗಡಿಯ ಪಾಪುರಿ, ತಿಕಿಯೆ ನದಿಗಳ ದಂಡೆಯಲ್ಲಿ ತುಯೂಕಾ ಜನರಿದ್ದಾರೆ. ಅವರದು ತುಕಾನೊ ಕುಟುಂಬದ ಭಾಷೆ, ಆಡುವವರು ಹೆಚ್ಚೆಂದರೆ ಸಾವಿರದ ಆಸುಪಾಸು. 'ಹುಡುಗ ಚೆಂಡಾಡಿದ' ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ತುಯೂಕಾದಲ್ಲಿ ಅದು ನಿಮಗೆ ಹೇಗೆ ಗೊತ್ತಾಯಿತೆಂಬುದನ್ನೂ ಕ್ರಿಯಾಪದದಲ್ಲೇ ಹೇಳಬೇಕು. ಕಣ್ಣಾರೆ ಕಂಡಿದ್ದರೆ 'ದೀಗ ಅಪೆವಿ'. ಸದ್ದಷ್ಟೇ ಕಿವಿಗೆ ಬಿದ್ದಿದ್ದರೆ 'ಅಪೆತಿ'. ಆಡಿದ ಗುರುತು ನೋಡಿ ತಿಳಿದಿದ್ದರೆ 'ಅಪೆಯಿ'. ಬೇರೆಯವರು ಹೇಳಿದ್ದಕ್ಕೊಂದು ಪ್ರತ್ಯಯ, 'ಆಡಿರಬೇಕು' ಎಂಬ ಊಹೆಗೆ ಇನ್ನೊಂದು. ನಮ್ಮ 'ಆಡಿದನಂತೆ' ನೆನಪಾಗುತ್ತದಲ್ಲವೆ? ಆದರೆ ನಾವು 'ಅಂತೆ'ಯನ್ನು ಬಿಟ್ಟೂ ಮಾತಾಡಬಹುದು, ಅವರಿಗೆ ಬಿಡುವಂತಿಲ್ಲ.

ಅಲ್ಲಿ ಭಾಷೆಯೇ ಗೋತ್ರ. ಮಕ್ಕಳ ಭಾಷೆ ಅಪ್ಪನದು. ಅದೇ ಭಾಷೆಯವರು ಅಣ್ಣ-ತಂಗಿಯರಿದ್ದಂತೆ, ಮದುವೆಗೆ ಹೆಣ್ಣು ಬೇರೆ ಭಾಷೆಯಿಂದಲೇ ಬರಬೇಕು. ಹೀಗಾಗಿ ಒಂದೊಂದು ಮನೆಯಲ್ಲೂ ಎರಡು ಮೂರು ಭಾಷೆ. ಯಾವುದೂ ಯಾವುದನ್ನೂ ನುಂಗದೆ ತಲೆಮಾರುಗಳ ಕಾಲ ಬಾಳಿದವು.

ಆ ಏರ್ಪಾಟನ್ನು ಮುರಿದದ್ದು ವಸತಿ ಶಾಲೆ. 1910ರ ದಶಕದಲ್ಲಿ ಬ್ರೆಜಿಲ್ ಕಡೆಗೆ ಬಂದ ಸಲೇಷಿಯನ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು ಹಲವು ಕುಟುಂಬಗಳು ಒಟ್ಟಿಗೆ ಬಾಳುತ್ತಿದ್ದ ದೊಡ್ಡ ಮನೆ 'ಮಲೋಕಾ'ಗಳನ್ನು ಬಿಡಿಸಿದರು, ವಸತಿ ಶಾಲೆಗಳಲ್ಲಿ ಮಕ್ಕಳು ತಮ್ಮ ಭಾಷೆ ಆಡುವುದನ್ನು ನಿಷೇಧಿಸಿದರು. ಹಲವು ಭಾಷೆಯ ಮಕ್ಕಳು ಒಂದೇ ಕಡೆ ಬೆಳೆದಾಗ ಗೆದ್ದದ್ದು ಪೋರ್ಚುಗೀಸ್ ಮತ್ತು ತುಯೂಕಾದ ಭಾಷಾಕುಟುಂಬಕ್ಕೆ ಹೆಸರು ಕೊಟ್ಟ ತುಕಾನೊ ಭಾಷೆ. 2002ರಲ್ಲಿ ಬ್ರೆಜಿಲ್‌ನ ಆ ಸೀಮೆಯ ಸಾವ್ ಗಾಬ್ರಿಯೆಲ್ ದ ಕಶೊಯೆರ ಪುರಸಭೆ ಪೋರ್ಚುಗೀಸ್ ಜೊತೆಗೆ ತುಕಾನೊ, ಬನಿವಾ, ನ್ಯೆಂಗಾತು ಎಂಬ ಮೂರು ಸ್ಥಳೀಯ ಭಾಷೆಗಳಿಗೂ ಅಧಿಕೃತ ಸ್ಥಾನ ಕೊಟ್ಟಿತು. ಸಂತೋಷವೇ. ಆದರೆ ಆ ಪಟ್ಟಿಯಲ್ಲಿ ತುಯೂಕಾ ಇಲ್ಲ.

ತಿಕಿಯೆ ನದಿಯ ತುಯೂಕಾದವರು ಸುಮ್ಮನೆ ಕೂರಲಿಲ್ಲ. ತಮ್ಮ ಭಾಷೆಯಲ್ಲೇ ಕಲಿಸುವ ಶಾಲೆ ಕಟ್ಟಿಕೊಂಡು ಅದಕ್ಕೆ 'ಉತಪಿನೊಪೊನ' ಎಂದು ತಮ್ಮ ಕುಲದ ಹೆಸರನ್ನೇ ಇಟ್ಟರು. ಕಲ್ಲುಹಾವಿನ ಮಕ್ಕಳು ಎಂದರ್ಥ.

2022ರಿಂದ 2032 ಮೂಲನಿವಾಸಿ ಭಾಷೆಗಳ ದಶಕವೆಂದು ವಿಶ್ವಸಂಸ್ಥೆ ಸಾರಿದೆ. ತಮ್ಮ ಭಾನುವಾರದ ಪುರವಣಿಯಲ್ಲಿ ತಿಂಗಳಿಗೊಮ್ಮೆಯಾದರೂ ಇಂಥ ಭಾಷೆಗಳಿಗೆ ಅರ್ಧ ಪುಟ ಕೊಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

– ನಿವೃತ್ತ ಕನ್ನಡ ಅಧ್ಯಾಪಕಿ, ಶಿವಮೊಗ್ಗ